ಅರ್ಧ ಲೀಟರಿನ ಗೆರೆ

ನಮ್ಮ ಆಯಿಯ ಮನೆಯಲ್ಲಿ ಅಳತೆಯಿಲ್ಲದೆ ಒಂದು ಕಾಳೂ ಒಳಗೆ ಬರುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ. ಜೋಳಕ್ಕೆ ಸೇರು, ಬೇಳೆಗೆ ಅಚ್ಚೇರು, ಎಣ್ಣೆಗೆ ಚಟಾಕು. ಹಾಲಿಗೆ ಬಂದವರಿಗೆ ಹಿತ್ತಾಳೆಯ ಪಾವಶೇರು ತುಂಬಿ, ನೊರೆ ಇಳಿಯುವ ತನಕ ಕಾದು, ಮೇಲೊಂದಿಷ್ಟು ಹಾಕಿ ಕೊಡುವಳು. “ನೊರಿ ಕೊಟ್ಟು ರೊಕ್ಕಾ ಇಸಗೋಬಾರದವ್ವಾ” ಎನ್ನುವುದು ಅವಳ ವ್ಯಾಪಾರದ ಧರ್ಮ. ನೆರೆಮನೆಯವರು ಕಡ ಒಯ್ದ ಹಿಟ್ಟು ತಿರುಗಿ ಬಂದಾಗ ಬೊಗಸೆ ಕಡಿಮೆಯಾಗಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಆರು ತಿಂಗಳು ಮರೆಯುತ್ತಲೂ ಇರಲಿಲ್ಲ.

1978ರ ಬ್ಯಾಸಗಿ ಸೂಟಿಯಲ್ಲಿ ಅದೇ ಮನೆಯಲ್ಲಿ ನನ್ನ ಚಿಗವ್ವ ತೀರಿಕೊಂಡಳು. ನನಗಾಗ ಒಂಬತ್ತು ವರ್ಷ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಳಕೋಣೆಯಲ್ಲಿ ಕೂಸು ಅತ್ತದ್ದನ್ನು ಅಂಗಳದಲ್ಲಿ ಆಡುತ್ತಿದ್ದ ನಾವು ಮಕ್ಕಳು ಕೇಳಿದೆವು. ಗಂಡು ಎಂದರು. ಅಜ್ಜ ಎಲ್ಲರ ಕೈಗೂ ಸಕ್ಕರೆ ಹಾಕಿದ. ಆಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಹೆಂಗಸರ ಓಡಾಟ ಸುರುವಾಯಿತು. ಸೂಲಗಿತ್ತಿ ಕೈಹಳಗಿದವಳೇ, ಊರಿನ ಅರ್ಧ ಮಕ್ಕಳನ್ನು ಅವಳೇ ಎತ್ತಿಕೊಂಡವಳು. ಮೊದಮೊದಲು, “ಕೆಟ್ಟ ನೆತ್ತರ, ಹೋಗ್ಲಿ ಬಿಡ್ರಿ, ಹೋದಷ್ಟು ಛಲೋನ” ಎಂದಳಂತೆ. ಅದು ಅವಳೊಬ್ಬಳ ಮಾತಲ್ಲ. ಒಂಬತ್ತು ತಿಂಗಳು ನಿಂತ ರಕ್ತ ಕೆಟ್ಟದ್ದು, ಅದು ಹೊರಬೀಳಬೇಕು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ದವಾಖಾನೆ ಇದ್ದದ್ದು ಹದಿನಾಲ್ಕು ಮೈಲಿ ದೂರದ ತಾಲೂಕಿನಲ್ಲಿ. ಚಕ್ಕಡಿ ಹೂಡುವ ಹೊತ್ತಿಗೆ ಕತ್ತಲಾಗಿತ್ತು. ಅಗಸಿಯ ಬಾಗಿಲು ದಾಟಿ ಸ್ವಲ್ಪ ಹೊತ್ತಿಗೇ ಚಕ್ಕಡಿ ತಿರುಗಿ ಬಂತು.

ದೊಡ್ಡವಳಾದ ಮೇಲೆ ಅವ್ವನನ್ನು ಕೇಳಿದ್ದೆ: “ಎಷ್ಟು ನೆತ್ತರ ಹೋಗಿತ್ತವ್ವಾ?”

“ಯಾರ ಅಳದಾರ ಅದನ್ನ? ಎರಡ ಸೀರಿ ತೊಯ್ದಿದ್ವು.”

ನೊರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದ ಮನೆ ಅದು.

ನಾನು ಸಮಾಜ ವಿಜ್ಞಾನದ ಶಿಕ್ಷಕಿ, ವೈದ್ಯಳಲ್ಲ. ಇತಿಹಾಸದ ಪಾಠದಲ್ಲಿ ಯುದ್ಧ ಬಂದಾಗಲೆಲ್ಲ ಎಷ್ಟು ಜನ ಸತ್ತರು ಎಂದು ಮಕ್ಕಳು ಕೇಳುತ್ತಾರೆ, ನಾನೂ ಒಂದು ಅಂಕಿ ಹೇಳುತ್ತೇನೆ. ಹೆರಿಗೆಯಲ್ಲಿ ಸತ್ತವರ ಅಂಕಿ ನಮ್ಮ ಯಾವ ಪಾಠದಲ್ಲೂ ಇಲ್ಲ. ಆದರೆ ಇದಕ್ಕೂ ಒಂದು ಇತಿಹಾಸವಿದೆ, ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ, ಎಂದು ತಿಳಿದಾಗ ನನಗೆ ನಲವತ್ತು ದಾಟಿತ್ತು. ತಿಳಿಸಿದವರು ನಮ್ಮ ಊರಿನ ಉಪಕೇಂದ್ರದಲ್ಲಿದ್ದ ಸಿಸ್ಟರ್. ಸರಕಾರಿ ಕಾಗದದಲ್ಲಿ ಅವರು ಕಿರಿಯ ಆರೋಗ್ಯ ಸಹಾಯಕಿ, ಊರಿನ ಬಾಯಲ್ಲಿ ನರ್ಸಬಾಯಿ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಧನುರ್ವಾಯು ಚುಚ್ಚುಮದ್ದು ಹಾಕಲು ಶಾಲೆಗೆ ಬರುತ್ತಿದ್ದರು. ಚುಚ್ಚುವ ಕೆಲಸ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಚಹಾ, ಆಮೇಲೆ ಹೆಣ್ಣುಮಕ್ಕಳಿಗೆ ಒಂದು ತಾಸು ಪಾಠ. ನಮ್ಮ ಶಾಲೆಯಲ್ಲಿ ಅಷ್ಟು ನಿಶ್ಶಬ್ದವಾಗಿ ಕೇಳಿಸಿಕೊಂಡ ಪಾಠ ಬೇರೊಂದಿಲ್ಲ.

ಚಿಗವ್ವನಿಗೆ ಆದದ್ದೇನು ಎಂದು ನನಗೆ ಬಿಡಿಸಿ ಹೇಳಿದವರೂ ಅವರೇ. ಎಡಗೈಯನ್ನು ಸಡಿಲವಾಗಿ ಹಿಡಿದು, ಆಮೇಲೆ ಮುಷ್ಟಿ ಬಿಗಿದು ತೋರಿಸಿದರು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಕೂಸು ಹೊರಬಂದು ಮಾಸು ಕಳಚಿಕೊಂಡಾಗ ಅದು ಅಂಟಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಮುಷ್ಟಿ ಬಿಗಿದಂತೆ ಬಿಗಿದು ನಾಳಗಳನ್ನು ಹಿಸುಕಿ ಹಿಡಿಯುತ್ತವೆ. ದಣಿದ ಗರ್ಭಕೋಶ ಹಾಗೆ ಬಿಗಿಯದಿದ್ದರೆ ನಲ್ಲಿ ತೆರೆದಿಟ್ಟಂತೆ. ಎರಡು ತಾಸಿನಲ್ಲಿ ಹೆಂಗಸಿನ ಜೀವ ಹೋಗಬಹುದು. ಮೊದಲೇ ರಕ್ತಹೀನತೆಯಿದ್ದವಳಾದರೆ ಅಷ್ಟು ಹೊತ್ತೂ ಬೇಕಿಲ್ಲ. “ನಮ್ಮ ಹಳ್ಳ್ಯಾಗ ರಕ್ತ ತುಂಬಿದ ಬಸರ ಹೆಂಗಸು ಯಾರ ಅದಾರ ಹೇಳ್ರಿ ಅಕ್ಕಾರ?” ಎಂದು ಕೇಳಿದರು.

ಗರ್ಭಕೋಶವನ್ನು ಬಿಗಿಯಿಸುವ ಮದ್ದು ಜಗತ್ತಿಗೆ ಗೊತ್ತಿಲ್ಲದ್ದೇನಲ್ಲ. ಯುರೋಪಿನ ಸೂಲಗಿತ್ತಿಯರು ರೈ ಎಂಬ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಕಪ್ಪು ಶಿಲೀಂಧ್ರವನ್ನು ಪುಡಿಮಾಡಿ ಕೊಡುತ್ತಿದ್ದರು. 1808ರಲ್ಲಿ ಅಮೆರಿಕದ ಜಾನ್ ಸ್ಟರ್ನ್ಸ್ ಎಂಬ ವೈದ್ಯ ಅದರ ಬಗ್ಗೆ ಬರೆದ ಮೇಲೆ ಡಾಕ್ಟರರೂ ಕೊಡತೊಡಗಿದರು. ಬೇಗ ಹೆರಿಗೆಯಾಗಲಿ ಎಂಬ ಆತುರಕ್ಕೆ ಮುಂಚೆಯೇ ಕೊಟ್ಟು ಕೂಸುಗಳನ್ನೂ ತಾಯಂದಿರನ್ನೂ ಕಳೆದುಕೊಂಡರು. ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲಿಸಲು ಮಾತ್ರ ಅದು ತಕ್ಕದ್ದು ಎಂಬ ವಿವೇಕ ಬರಲು ಕೆಲವು ವರ್ಷ ಹಿಡಿಯಿತು. 1932ರಲ್ಲಿ ಲಂಡನ್ನಿನ ಜಾನ್ ಚಾಸರ್ ಮೊಯಿರ್ ಹಸಿ ಬಾಣಂತಿಯರ ಗರ್ಭಕೋಶದೊಳಗೆ ಸಣ್ಣ ಬಲೂನು ಇಟ್ಟು, ಅದು ಬಿಗಿಯುವುದನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸಿ ಎರ್ಗಟ್ಟಿನ ಬಲವನ್ನು ಅಳೆದ. 1935ರಲ್ಲಿ ಅವನೂ ಹೆರಾಲ್ಡ್ ಡಡ್ಲಿಯೂ ಸೇರಿ ಅದರ ಸತ್ವವಾದ ಎರ್ಗೊಮೆಟ್ರಿನ್ ಬೇರ್ಪಡಿಸಿದರು. ನಮ್ಮ ಮೈಯಲ್ಲೇ ಹುಟ್ಟುವ ಆಕ್ಸಿಟೋಸಿನ್ ಎಂಬ ರಸವನ್ನು 1953ರಲ್ಲಿ ವಿನ್ಸೆಂಟ್ ಡು ವಿನ್ಯೊ ಪ್ರಯೋಗಶಾಲೆಯಲ್ಲಿ ತಯಾರಿಸಿದ. 1955ರಲ್ಲಿ ಅವನಿಗೆ ನೊಬೆಲ್ ಬಂತು.

ಲೆಕ್ಕ ಹಾಕಿ ನೋಡಿ. ಚಿಗವ್ವ ಸತ್ತದ್ದು ಆ ನೊಬೆಲ್ ಬಂದು ಇಪ್ಪತ್ಮೂರು ವರ್ಷಕ್ಕೆ. ಮದ್ದು ಇತ್ತು, ಆದರೆ ಅದು ಚುಚ್ಚುಮದ್ದು, ತಂಪಿನಲ್ಲಿಡಬೇಕಾದ ಚುಚ್ಚುಮದ್ದು. ಮನೆಯಲ್ಲಿ ಹೆರುವವಳಿಗೆ ಸೂಜಿಯೂ ಇಲ್ಲ, ಫ್ರಿಜ್ಜೂ ಇಲ್ಲ, ಚುಚ್ಚುವವರೂ ಇಲ್ಲ. ಇಪ್ಪತ್ತು-ಇಪ್ಪತ್ತೈದು ವರ್ಷ ಕಳೆದ ಮೇಲೂ ಹಳ್ಳಿಯ ಸ್ಥಿತಿ ಬಹಳ ಬದಲಾಗಿರಲಿಲ್ಲ ಎಂದು ಸಿಸ್ಟರ್ ಹೇಳುತ್ತಿದ್ದರು. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮಂಚ, ಹಗಲೆಲ್ಲ ಕರೆಂಟ್ ಇಲ್ಲ. ಹೆರಿಗೆ ಮಾಡಿಸಲು ನರ್ಸಬಾಯಿಗೆ ಸರಕಾರ ತರಬೇತಿ ಕೊಟ್ಟಿತ್ತು. ರಕ್ತ ಹೋಗುವ ಮುನ್ನವೇ ತಡೆಯುವ ಮದ್ದು ಕೊಡಲು ಅನುಮತಿ ಮಾತ್ರ ಕೊಟ್ಟಿರಲಿಲ್ಲ. ಕಾರು ಕೊಟ್ಟು ಬ್ರೇಕು ಒತ್ತಬೇಡ ಎಂದ ಹಾಗೆ ಎಂದು ನನಗೆ ಅನ್ನಿಸುತ್ತದೆ. ಡಾಕ್ಟರರು ಇದಕ್ಕೆ ಬೇರೆ ಕಾರಣ ಹೇಳಬಹುದು.

ಇನ್ನೊಂದು ಮದ್ದು ಬಂದದ್ದು ಹೊಟ್ಟೆಯ ಹುಣ್ಣಿನ ದಾರಿಯಿಂದ. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು 1970ರ ದಶಕದಲ್ಲಿ ಅಮೆರಿಕದ ಸರ್ಲ್ ಕಂಪನಿ ಜಠರದ ಹುಣ್ಣಿಗೆಂದು ಮಾಡಿತು. ಅದು ಗರ್ಭಕೋಶವನ್ನೂ ಬಿಗಿಯಿಸುತ್ತದೆ, ಬಸುರಿಯರು ಮುಟ್ಟಬಾರದು ಎಂದು ಪೊಟ್ಟಣದ ಮೇಲೆ ಎಚ್ಚರಿಕೆ. ಗರ್ಭಪಾತಕ್ಕೂ ಬಳಕೆಯಾಗುವ ಮದ್ದಾದ್ದರಿಂದ ಸರಕಾರಗಳಿಗೆ ಅದರ ಹೆಸರೆತ್ತಲೂ ಸಂಕೋಚ. ಆದರೆ ಯಾವುದು ಬಸುರಿಗೆ ಅಪಾಯವೋ ಅದೇ ಬಾಣಂತಿಗೆ ಉಪಕಾರವಾಗಬಹುದಲ್ಲ! ಗುಳಿಗೆ ಅಗ್ಗ, ಬಾಯಲ್ಲಿ ನುಂಗುವಂಥದ್ದು, ಫ್ರಿಜ್ಜು ಬೇಡ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳ ಆಸ್ಪತ್ರೆಗಳಲ್ಲಿ 18 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಪರೀಕ್ಷಿಸಿ, ಆಕ್ಸಿಟೋಸಿನ್ ಚುಚ್ಚುಮದ್ದೇ ಇದಕ್ಕಿಂತ ಮೇಲು ಎಂದು ಹೇಳಿತು. ಅದು ಆಸ್ಪತ್ರೆಯ ಮಾತಾಯಿತು. ಚುಚ್ಚುಮದ್ದೇ ಇಲ್ಲದ ಕಡೆ ಈ ಗುಳಿಗೆ ಏನು ಮಾಡಬಲ್ಲದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಆಗ ಬೆಳಗಾಂ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಊರಿನ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ. ಜೊತೆಗೆ ಅಮೆರಿಕದ ಡಾಕ್ಟರ್ ರಿಚರ್ಡ್ ಡರ್ಮನ್ ಮತ್ತು ಸಂಗಡಿಗರು. ನಮ್ಮವರಲ್ಲಿ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ, ವಿಜಯಾ ನಾಯ್ಕ, ಬೆಲ್ಲದ ಮುಂತಾದವರು. ಸಪ್ಟೆಂಬರ್ 2002ರಿಂದ ಡಿಸೆಂಬರ್ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರು ಇದಕ್ಕೆ ಒಪ್ಪಿ ಸೇರಿಕೊಂಡರು. ಹೆರಿಗೆಗಳು ನಡೆದದ್ದು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ. ಹೆರಿಗೆ ಮಾಡಿಸಿದವರೂ ಗುಳಿಗೆ ಕೊಟ್ಟವರೂ ರಕ್ತ ಅಳೆದವರೂ ಡಾಕ್ಟರರಲ್ಲ, 25 ಜನ ನರ್ಸಬಾಯಿಗಳು. ಲೇಖಕರ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿವೆ, ಆ ಇಪ್ಪತ್ತೈದರಲ್ಲಿ ಒಂದೂ ಇಲ್ಲ. ನಮ್ಮ ಸಿಸ್ಟರ್ ಆ ಇಪ್ಪತ್ತೈದರಲ್ಲಿ ಒಬ್ಬರು.

ಆದರೆ ಗುಳಿಗೆ ಕೊಡುವ ಮೊದಲೇ ಡಾಕ್ಟರರಿಗೆ ನಮ್ಮ ಅವ್ವನ ತೊಡಕೇ ಎದುರಾಯಿತು. ರಕ್ತ ಕಡಿಮೆಯಾಯಿತೋ ಇಲ್ಲವೋ ಹೇಳಬೇಕಾದರೆ ಎಷ್ಟು ಹೋಯಿತೆಂದು ತಿಳಿಯಬೇಕು. ಅದನ್ನು ತಿಳಿಯುವ ಬಗೆ ದೊಡ್ಡ ಆಸ್ಪತ್ರೆಗಳಲ್ಲೂ ಕಣ್ಣಂದಾಜೇ. ಬಟ್ಟೆ ನೋಡಿ, ನೆಲ ನೋಡಿ, “ಇನ್ನೂರು ಇದ್ದೀತು, ಮುನ್ನೂರು ಇದ್ದೀತು” ಎಂದು ಬರೆಯುವುದು. ಹಳ್ಳಿಯ ಮನೆಯಲ್ಲಿ ಮಣ್ಣಿನ ನೆಲ ಕುಡಿದದ್ದೆಷ್ಟು, ಹಾಸಿದ ಗೋಣಿತಾಟು ಕುಡಿದದ್ದೆಷ್ಟು, ಕಂದೀಲಿನ ಬೆಳಕಿನಲ್ಲಿ ಯಾರಿಗೆ ಕಾಣಬೇಕು? 500 ಮಿಲಿಲೀಟರ್ ದಾಟಿದರೆ ಅಪಾಯ ಎಂದು ಪುಸ್ತಕದಲ್ಲಿ ಬರೆದಿತ್ತು. ಆ ಐದುನೂರನ್ನು ಹೆರಿಗೆಯ ಕೋಣೆಯಲ್ಲಿ ಕಂಡವರಿರಲಿಲ್ಲ.

ಅದಕ್ಕೆಂದು ಅವರು ಒಂದು ಚೀಲ ಮಾಡಿದರು. ಅಗಲವಾದ ಪ್ಲಾಸ್ಟಿಕ್ ಹಾಳೆ, ಅದರ ಕೆಳತುದಿಯಲ್ಲಿ ಆಲಿಕೆಯಂತೆ ಸಪೂರವಾಗುತ್ತ ಹೋಗುವ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಕೂಸು ಹುಟ್ಟಿ, ಗರ್ಭದ ನೀರೆಲ್ಲ ಹರಿದುಹೋದ ಮೇಲೆ, ಹಾಳೆಯನ್ನು ಹೆಂಗಸಿನ ಕೆಳಗೆ ಸರಿಸಿ ಮೇಲಿನ ಪಟ್ಟಿಯನ್ನು ಹೊಟ್ಟೆಗೆ ಕಟ್ಟುವುದು. ರಕ್ತ ಬೇರೆಲ್ಲೂ ಹೋಗದೆ ಚೀಲಕ್ಕೆ ಇಳಿಯುತ್ತದೆ. ಏಳು ಜನ ಸಂಗಡಿಗರ ಹೆಸರಿನ ಮೊದಲಕ್ಷರ ಸೇರಿಸಿ ಇದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ಡಾಕ್ಟರರ ಕಲ್ಪನೆ ಅಷ್ಟಕ್ಕಷ್ಟೇ. ನರ್ಸಬಾಯಿಗಳಿಗೆ ಮಾತ್ರ ಅದು ಬರೀ ಚೀಲ.

ಈ ಚೀಲ ಏನನ್ನು ಹೊರಗೆಡವಿತು ಎನ್ನುವುದು ಇಡೀ ಸಂಗತಿಯಲ್ಲಿ ನನ್ನನ್ನು ಬಹಳ ಕಾಡಿದ ಭಾಗ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಕೆಲವರ ರಕ್ತವನ್ನು ಕಣ್ಣಂದಾಜಿನಿಂದ, ಕೆಲವರದನ್ನು ಚೀಲದಿಂದ ಲೆಕ್ಕ ಹಿಡಿದು ಹೋಲಿಸಿದರು. 2006ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಕಣ್ಣು ಹೇಳಿದ್ದು ಚೀಲ ಹೇಳಿದ್ದಕ್ಕಿಂತ ನೂರಕ್ಕೆ 33ರಷ್ಟು ಕಡಿಮೆ. ಚೀಲದಲ್ಲಿ ಸರಾಸರಿ ಸುಮಾರು 300 ಮಿಲಿಲೀಟರ್, ಕಣ್ಣಿನಲ್ಲಿ ಸುಮಾರು 200. ಇವು ಪಳಗಿದ ಕಣ್ಣುಗಳು, ಆಸ್ಪತ್ರೆಯ ಬೆಳಕಿನಲ್ಲಿ ನೋಡಿದ ಕಣ್ಣುಗಳು. ಮೂರರಲ್ಲೊಂದು ಪಾಲು ರಕ್ತ ಅವುಗಳ ಎದುರಿಗೇ ಕಾಣದೆ ಹೋಗುತ್ತಿತ್ತು. ನಮ್ಮ ಊರಿನ ಸೂಲಗಿತ್ತಿಯನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ಶಪಿಸಿದ್ದೆ. ಅದನ್ನೋದಿದ ದಿನ ಆ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

ಇನ್ನು ಗುಳಿಗೆಯ ಪರೀಕ್ಷೆ. ಹೊಕ್ಕುಳಬಳ್ಳಿ ಕತ್ತರಿಸಿದ ಐದು ನಿಮಿಷದೊಳಗೆ ಗುಳಿಗೆ ನುಂಗಿಸಬೇಕು. 812 ಹೆಂಗಸರಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್. ಉಳಿದ 808 ಹೆಂಗಸರಿಗೆ ನೋಡಲು ಹಾಗೆಯೇ ಇರುವ, ಒಳಗೆ ಮದ್ದೇ ಇಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ನುಂಗಿದವಳಿಗೂ ಗೊತ್ತಿಲ್ಲ, ಕೊಟ್ಟ ನರ್ಸಬಾಯಿಗೂ ಗೊತ್ತಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಸಿಸ್ಟರ್ ಇದನ್ನು ಹೇಳಿದಾಗ ನನಗೆ ಚಹಾ ಗಂಟಲಿಗಿಳಿಯಲಿಲ್ಲ. “ಅಂದ್ರ ಅರ್ಧಾ ಮಂದಿಗೆ ಸುಳ್ಳ ಗುಳಿಗಿ ಕೊಟ್ರಿ?” ಎಂದು ಕೇಳಿಯೇಬಿಟ್ಟೆ. ಅವರೂ ಸಿಟ್ಟಿಗೇಳಲಿಲ್ಲ. “ಮೊದಲ ನನಗೂ ಹಂಗ ಅನಿಸಿತ್ತರಿ. ಆದರ ಅದಕ್ಕಿಂತ ಮೊದಲ ಏನ ಕೊಡತಿದ್ವಿ? ಏನೂ ಇಲ್ಲ. ಕೈ ಮುಗೀತಿದ್ವಿ, ಅಷ್ಟ” ಎಂದರು. ಪರೀಕ್ಷೆಗೆ ಸೇರದಿದ್ದರೂ ಆ 808 ಹೆಂಗಸರಿಗೆ ಆಗಿನ ನಿಯಮದ ಪ್ರಕಾರ ಹಳ್ಳಿಯಲ್ಲಿ ಯಾವ ಮದ್ದೂ ಸಿಗುತ್ತಿರಲಿಲ್ಲ. ಸೇರಿದ್ದರಿಂದ ತರಬೇತಾದ ಒಬ್ಬಳು ಪಕ್ಕದಲ್ಲಿ ಕೂತಿದ್ದಳು, ಚೀಲವಿತ್ತು, ಗೆರೆಯತ್ತ ಏರುತ್ತಿದ್ದರೆ ಕಾಣುತ್ತಿತ್ತು. ಡಾಕ್ಟರರ ಸಮಾಧಾನವೂ ಇದೇ. ನ್ಯಾಯವಾದ ಮಾತೇ. ಆದರೂ ಆಸ್ಪತ್ರೆಗಳಲ್ಲಿ ಗೊತ್ತಿದ್ದ ಮದ್ದು ಹಳ್ಳಿಗೆ ಬರದಂತೆ ತಡೆದ ನಿಯಮವೇ, ಹಳ್ಳಿಯ ಹೆಂಗಸರಿಗೆ ಮದ್ದಿಲ್ಲದ ಗುಳಿಗೆ ಕೊಡಲು ಕಾರಣವೂ ಆಯಿತಲ್ಲ ಎಂಬುದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ಆ ನಿಯಮ ಮಾಡಿದವರು ಪರೀಕ್ಷೆ ಮಾಡಿದವರಲ್ಲ, ಅದೂ ನಿಜ. ಒಂದು ಸಲ ಒಂಬತ್ತನೆಯ ಇಯತ್ತೆಯ ಹುಡುಗಿಯರ ಮುಂದೆ ಇದನ್ನಿಟ್ಟು, ನೀವಾದರೆ ಸೇರುತ್ತಿದ್ದಿರಾ ಎಂದು ಕೇಳಿದೆ. ತರಗತಿ ಎರಡು ಪಾಲಾಯಿತು. ಗಂಟೆ ಹೊಡೆದರೂ ವಾದ ಮುಗಿಯಲಿಲ್ಲ.

ಪರೀಕ್ಷೆಯ ಫಲ ಅಕ್ಟೋಬರ್ 2006ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮದ್ದಿಲ್ಲದ ಗುಳಿಗೆಯವರಲ್ಲಿ ನೂರಕ್ಕೆ 12 ಜನರ ರಕ್ತ ಎರಡು ತಾಸಿನೊಳಗೆ ಅರ್ಧ ಲೀಟರಿನ ಗೆರೆ ಮುಟ್ಟಿತ್ತು. ಮದ್ದಿನ ಗುಳಿಗೆಯವರಲ್ಲಿ ನೂರಕ್ಕೆ 6.4. ಒಂದು ಲೀಟರ್ ಮುಟ್ಟುವ ಘೋರ ಸ್ರಾವ ಮೊದಲಿನವರಲ್ಲಿ ನೂರಕ್ಕೆ 1.2 ಇದ್ದದ್ದು ಎರಡನೆಯವರಲ್ಲಿ 0.2. ಸರಾಸರಿ ಲೆಕ್ಕದಲ್ಲಿ ತಲೆಗೆ 262 ಮಿಲಿಲೀಟರ್ ಇದ್ದದ್ದು 214ಕ್ಕೆ ಇಳಿದಿತ್ತು. ಹದಿನೆಂಟು ಹೆಂಗಸರು ಗುಳಿಗೆ ನುಂಗಿದರೆ ಒಬ್ಬಳ ಅತಿಸ್ರಾವ ತಪ್ಪುತ್ತದೆ ಎಂದು ಅವರೇ ಲೆಕ್ಕ ಹೇಳಿದರು. ಕೆಡುಕೆಂದರೆ ನಡುಕ, ಜ್ವರ. ಬಂದು ತಾನೇ ಹೋಗುವಂಥದ್ದು. “ನಡುಗಿದ್ರ ನಮಗ ಒಳಗ ಖುಷಿ ಆಗೋದು ಅಕ್ಕಾರ, ಖರೇ ಗುಳಿಗಿ ಬಿದ್ದೈತಿ ಇಕಿಗೆ ಅಂತ” ಎಂದು ಸಿಸ್ಟರ್ ನಕ್ಕರು. ಹಾಗೆ ಊಹಿಸಬಾರದೆಂದು ಅವರಿಗೆ ತಾಕೀತು ಮಾಡಿದ್ದರಂತೆ.

ಗುಳಿಗೆಯ ಮುಂದಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲೆಂದು ಮಿಸೊಪ್ರೊಸ್ಟಾಲನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಚುಚ್ಚುಮದ್ದು ಸಿಗದ ಕಡೆಗೆ ಇದು ಎಂಬ ಮಾತು ಅದಕ್ಕೆ ಅಂಟಿಯೇ ಇದೆ. ನಮ್ಮ ಸರಕಾರವೂ ನರ್ಸಬಾಯಿಗಳಿಗೆ ಅನುಮತಿ ಕೊಟ್ಟಿತು. ಅಷ್ಟರಲ್ಲಿ ಹಳ್ಳಿಯ ಹೆರಿಗೆಗಳೇ ಆಸ್ಪತ್ರೆಯ ಕಡೆ ಹೊರಟಿದ್ದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ 108 ಆಂಬುಲೆನ್ಸ್ ಬಂದವು. 2001-03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69. ಇದನ್ನೆಲ್ಲ ಒಂದು ಗುಳಿಗೆಯ ಹೆಸರಿಗೆ ಬರೆಯುವುದು ಸರಿಯಲ್ಲ. ರಸ್ತೆ, ಗಾಡಿ, ರಕ್ತನಿಧಿ, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲವೂ ಸೇರಿದ್ದು ಅದು.

ಆದರೆ ಚೀಲ ಎಲ್ಲಿ ಹೋಯಿತು? ನನ್ನ ತಂಗಿಯ ಮಗಳ ಹೆರಿಗೆ ಒಂದು ಊರಿನ ದೊಡ್ಡ ದವಾಖಾನೆಯಲ್ಲಾಯಿತು. ಹೊರಗೆ ಬಂದ ನರ್ಸಿಗೆ, “ರಕ್ತ ಎಷ್ಟು ಹೋತು?” ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳುವ ಮುದುಕಿ ಯಾರಿವಳು ಎಂಬಂತೆ ನೋಡಿ, “ನಾರ್ಮಲ್ ರೀ” ಎಂದು ಹೋದಳು. ಡಿಸ್ಚಾರ್ಜ್ ಚೀಟಿಯಲ್ಲಿ ಕೂಸಿನ ತೂಕ ಗ್ರಾಂ ಲೆಕ್ಕದಲ್ಲಿತ್ತು, ಬಿಲ್ಲು ಪೈಸೆ ಲೆಕ್ಕದಲ್ಲಿತ್ತು. ತಾಯಿಯ ರಕ್ತದ ಲೆಕ್ಕ ಎಲ್ಲೂ ಇರಲಿಲ್ಲ.

ಬೆಳಗಾವಿಯಲ್ಲಿ ಕಲಿತ ಪಾಠವನ್ನು ಇನ್ನೂ ದೊಡ್ಡದಾಗಿ ಓದಿ ಹೇಳಿದ್ದು ಆಫ್ರಿಕ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ‘ಇ-ಮೋಟಿವ್’ ಎಂಬ ಅಧ್ಯಯನ ನಡೆದು 2023ರಲ್ಲಿ ಅದರ ಫಲ ಪ್ರಕಟವಾಯಿತು. ಅರ್ಧ ಆಸ್ಪತ್ರೆಗಳಲ್ಲಿ ಬೆಳಗಾವಿಯ ಚೀಲದ ಜಾತಿಯದೇ ಆದ ಗೆರೆಚೀಲ. ರಕ್ತ ಹೆಚ್ಚೆಂದು ಕಂಡೊಡನೆ ಹೊಟ್ಟೆ ನೀವುವುದು, ಬಿಗಿಯುವ ಮದ್ದು, ರಕ್ತ ಹೆಪ್ಪುಗಟ್ಟಿಸುವ ಮದ್ದು, ಸಲೈನ್, ತಪಾಸಣೆ ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಮಾಡುವುದು. ಉಳಿದ ಆಸ್ಪತ್ರೆಗಳಲ್ಲಿ ಎಂದಿನ ರೂಢಿ. ಘೋರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರೂ ಸೇರಿ ರೂಢಿಯ ಕಡೆ ನೂರಕ್ಕೆ 4.3 ಇದ್ದರೆ ಚೀಲದ ಕಡೆ 1.6. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ಅತಿಯಾಗಿ ರಕ್ತ ಹೋದವರಲ್ಲಿ, ಹಾಗೆ ಹೋಗುತ್ತಿದೆ ಎಂದು ರೂಢಿಯ ಆಸ್ಪತ್ರೆಗಳಲ್ಲಿ ಗುರುತಿಸಿದ್ದು ನೂರಕ್ಕೆ 51 ಜನರಲ್ಲಿ ಮಾತ್ರ. ಚೀಲವಿದ್ದಲ್ಲಿ 93. ಅಂದರೆ ಡಾಕ್ಟರರು, ನರ್ಸುಗಳು, ವಿದ್ಯುದ್ದೀಪ, ಮದ್ದಿನ ಕಪಾಟು ಎಲ್ಲ ಇದ್ದೂ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳ ರಕ್ತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸಿಸ್ಟರ್ ನಿವೃತ್ತರಾಗಿ ಊರು ಬಿಡುವ ಮುಂದೆ ಟ್ರಂಕು ಖಾಲಿ ಮಾಡುತ್ತ, ಬಳಸದೆ ಉಳಿದಿದ್ದ ಒಂದು ಚೀಲವನ್ನು ನನಗೆ ಕೊಟ್ಟರು. “ಮಕ್ಕಳಿಗೆ ತೋರಸ್ರಿ” ಎಂದರು. ತೋರಿಸಿದೆ. ಬರೀ ತೋರಿಸಿದರೆ ಶಿಕ್ಷಕಿಯರಿಗೆ ಸಮಾಧಾನವಿಲ್ಲವಲ್ಲ. ಕುಂಕುಮ ಕದಡಿದ ಅರ್ಧ ಲೀಟರ್ ನೀರನ್ನು ಹಳೆಯ ಧೋತರದ ಮೇಲೆ ಸುರುವಿ, ಎಷ್ಟಿದೆ ಹೇಳಿ ಎಂದೆ. ಒಂದು ವಾಟಗ ಎಂದವರೇ ಹೆಚ್ಚು. ಗಣಿತದ ಸರ್ ಬಂದು ಗಂಭೀರವಾಗಿ ನೋಡಿ 250 ಎಂದರು. ಸರಿಯಾಗಿ ಅರ್ಧ ಲೀಟರ್ ಎಂದವಳು ಒಬ್ಬಳೇ, ದಿನಾ ಮುಂಜಾನೆ ಡೇರಿಗೆ ಹಾಲು ಹಾಕಿ ಬರುವ ಹುಡುಗಿ. ಆಮೇಲೆ ಅಷ್ಟೇ ನೀರನ್ನು ಚೀಲಕ್ಕೆ ಹೊಯ್ದಾಗ ಗೆರೆಯ ಮಟ್ಟಕ್ಕೆ ಬಂದು ನಿಂತ ಕೆಂಪು ನೀರನ್ನು ನೋಡಿ ಹುಡುಗಿಯರು ಸುಮ್ಮನಾದರು.

ಅದಾದ ರಜೆಯಲ್ಲಿ ತವರಿಗೆ ಹೋದಾಗ ಅವ್ವನನ್ನು ಮತ್ತೆ ಕೇಳಿದೆ. ಈ ಸಲ ಬೇರೆ ರೀತಿಯಲ್ಲಿ ಕೇಳಿದೆ. ಆ ಎರಡು ಸೀರೆ ಎಂಥವು? ಕೈಮಗ್ಗದ ಹತ್ತಿಯ ಇಳಕಲ್ ಸೀರೆ, ಉಟ್ಟು ಉಟ್ಟು ಮೆತ್ತಗಾಗಿದ್ದವು, ಬಾಣಂತನಕ್ಕೆಂದೇ ತೆಗೆದಿಟ್ಟಿದ್ದವು ಎಂದಳು. ಅಂಥದೇ ಒಂದು ಅವಳ ಪೆಟ್ಟಿಗೆಯಲ್ಲಿ ಇತ್ತು. ತಮ್ಮನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಣ ಸೀರೆ ಇಟ್ಟೆ. 560 ಗ್ರಾಂ. ನೀರಿನಲ್ಲಿ ಅದ್ದಿ, ಹನಿ ನಿಲ್ಲುವ ತನಕ ಹಿಡಿದು ಮತ್ತೆ ಇಟ್ಟೆ. 1460. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನಾನು ನೋಟುಬುಕ್ಕಿನಲ್ಲಿ ಕಳೆದು, ಎರಡರಿಂದ ಗುಣಿಸಿ, 1800 ಎಂದು ಬರೆದು ಅವಳಿಗೆ ಓದಿ ಹೇಳಿದೆ.

“ಅಷ್ಟಿರಲಿಲ್ಲ,” ಎಂದಳು ಅವ್ವ. “ಎರಡನೇದರ ಸೆರಗ ಒಣಾನ ಇತ್ತು. ಅದನ್ನ ಹರದು ಕೂಸಿಗೆ ಸುತ್ತಿದ್ವಿ.”

1800 ಹೊಡೆದುಹಾಕಿ 1600 ಎಂದು ಬರೆದೆ.